ಹೊಲಿಗೆ ಕ್ಲಾಸಿನಲ್ಲಿ ಅಕ್ಷರದ ಮೇಡಂ

34 ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದ ನನಗೆ ಒಂದು ಬ್ಲೌಸಿನ ತೋಳು ಕತ್ತರಿಸಲು ಬರುತ್ತಿರಲಿಲ್ಲ. ಬರಬೇಕು ಅಂತ ಅನಿಸಿಯೂ ಇರಲಿಲ್ಲ. ನಿವೃತ್ತಿಯಾಗಿ ಮನೆಯಲ್ಲಿ ಕೂತು ಬೇಜಾರಾಗಿದ್ದ ಹೊತ್ತಿಗೆ ಒಂದು ಸಂಸ್ಥೆಯವರು ಫೋನ್ ಮಾಡಿದರು. ಮದ್ದೂರು ತಾಲ್ಲೂಕಿನ ಒಂದು ಊರಲ್ಲಿ ಹೆಂಗಸರಿಗೆ ಆರು ತಿಂಗಳ ಹೊಲಿಗೆ ತರಬೇತಿ ಇದೆ, ಅವರಲ್ಲಿ ಓದು ಬರಹ ಬಾರದವರಿಗೆ ಜೊತೆಯಲ್ಲೇ ಅಕ್ಷರ, ಲೆಕ್ಕ ಕಲಿಸಬೇಕು, ಬರ್ತೀರಾ ಅಂದರು. ಅಕ್ಷರ, ಲೆಕ್ಕ ತಾನೇ, ಅದು ನನಗೆ ನೀರು ಕುಡಿದಷ್ಟು ಸಲೀಸು ಅಂದುಕೊಂಡು ಒಪ್ಪಿದೆ. ಇದು 2023ರ ನವೆಂಬರ್ ಮಾತು.

ಹಾಲಿನ ಡೇರಿ ಪಕ್ಕದ ಸಮುದಾಯ ಭವನ. ಎಂಟು ಕಾಲಲ್ಲಿ ತುಳಿಯುವ ಮಷಿನ್ನು, ಎರಡು ಕರೆಂಟಿನವು. ಹೆಂಗಸರು 26 ಜನ. ಒಂಬತ್ತು ಜನಕ್ಕೆ ಅಕ್ಷರವೇ ಇಲ್ಲ. ಏಳೆಂಟು ಜನ ನಾಲ್ಕನೆಯದೋ ಐದನೆಯದೋ ಬಿಟ್ಟವರು, ಓದಿದ್ದೆಲ್ಲ ಕೆರೆಗೆ ನೀರಾಗಿ ಹೋಗಿತ್ತು. ಉಳಿದವರು ಹತ್ತನೇ ಕ್ಲಾಸಿನ ಆಚೆ ಈಚೆ. ಹೊಲಿಗೆ ಕಲಿಸುವ ಟೀಚರ್ ಅದೇ ಸೀಮೆಯವರು, ಇಪ್ಪತ್ತು ವರ್ಷದಿಂದ ಮನೆಯಲ್ಲೇ ಅಂಗಡಿ ಇಟ್ಟುಕೊಂಡವರು.

ಆಫೀಸಿನಿಂದ ಬಂದ ವೇಳಾಪಟ್ಟಿ ಬಹಳ ಅಚ್ಚುಕಟ್ಟಾಗಿತ್ತು. ಹನ್ನೊಂದರಿಂದ ಹನ್ನೆರಡು ಸಾಕ್ಷರತೆ, ಹನ್ನೆರಡರಿಂದ ಎರಡೂವರೆ ಹೊಲಿಗೆ. ಮೊದಲ ವಾರ ನನ್ನ ಗಂಟೆಗೆ ಹದಿನೈದು ಜನ ಬಂದರು. ಎರಡನೇ ವಾರ ಏಳು. ಮೂರನೇ ವಾರ ನಾಲ್ಕು, ಅದರಲ್ಲಿ ಇಬ್ಬರಿಗೆ ಆಗಲೇ ಓದಲು ಬರುತ್ತಿತ್ತು. ಹನ್ನೆರಡು ಹೊಡೆಯುವ ಹೊತ್ತಿಗೆ ಮಾತ್ರ ಅಷ್ಟೂ ಜನ ಹಾಜರ್.

ಗೇಟಿನ ಹತ್ತಿರ ನಿಂತು ಒಬ್ಬಳನ್ನು ತಡೆದು ಕೇಳಿಯೇ ಬಿಟ್ಟೆ. ಅವಳು ಸೆರಗು ಸರಿಮಾಡಿಕೊಂಡು ಹೇಳಿದಳು: "ಬೈಕೋಬ್ಯಾಡಿ ಮೇಡಂ. ಅಕ್ಸರ ನಾಳಿಕೂ ಇರ್ತದೆ. ಮಿಸನ್ನು ಬ್ಯಾರೆಯವ್ರು ಇಡ್ಕೊಬುಡ್ತಾರೆ."

26 ಜನಕ್ಕೆ ಹತ್ತು ಮಷಿನ್ನು. ಬೇಗ ಬಂದು ಅಕ್ಷರದ ಗಂಟೆಯಲ್ಲಿ ಕೂತವಳು ಚೀಲ ಎತ್ತಿಕೊಂಡು ಏಳುವಷ್ಟರಲ್ಲಿ, ಹನ್ನೆರಡಕ್ಕೆ ಸರಿಯಾಗಿ ಒಳಗೆ ನುಗ್ಗಿದವಳು ಮಷಿನ್ನಿನ ಮುಂದೆ ಕೂತಿರುತ್ತಿದ್ದಳು. ನನ್ನ ಕ್ಲಾಸಿಗೆ ಬಂದದ್ದಕ್ಕೆ ದಂಡ! ಇದು ನನಗೆ ಮೂರು ವಾರ ಹೊಳೆದಿರಲಿಲ್ಲ. ಹೆಂಗಸರಿಗೆ ಓದಿನಲ್ಲಿ ಆಸಕ್ತಿ ಇಲ್ಲ ಅಂತ ವರದಿಯಲ್ಲಿ ಬರೆದೂ ಆಗಿತ್ತು. ಅದು ಈಗಲೂ ಯಾವುದೋ ಫೈಲಿನಲ್ಲಿ ಇದ್ದೀತು.

ಅವತ್ತಿನಿಂದ ನಾನೂ ಹನ್ನೆರಡಕ್ಕೇ ಹೋಗತೊಡಗಿದೆ. ಮಷಿನ್ನು ಸಿಕ್ಕವರು ಹೊಲಿಯಲಿ, ಸಿಗದ ಹದಿನಾರು ಜನ ನನ್ನ ಹತ್ತಿರ ಕೂರಲಿ, ಅರ್ಧ ಗಂಟೆಗೊಮ್ಮೆ ಅದಲು ಬದಲು. ಇಷ್ಟು ಮಾಡಿದ ಮೇಲೆ ಹಾಜರಿ ಸರಿಹೋಯಿತು. ಪಾಠ ಸರಿಹೋಗಲಿಲ್ಲ. ನಾನು ಕಲಿಸುತ್ತಿದ್ದದ್ದು ಒಂದನೇ ಕ್ಲಾಸಿನ ಮಕ್ಕಳಿಗೆ ಕಲಿಸಿದ್ದನ್ನೇ. ರ ಗ ಸ ದ ಅ, ಆಮೇಲೆ ಸರ, ಅರಸ, ದಸರ, ಗರಗಸ. ಕತ್ತರಿ ಹಿಡಿಯಲು ಬಂದವರ ಮುಂದೆ ಬೋರ್ಡಿನ ಮೇಲೆ ಗರಗಸ ಅಂತ ಬರೆದು ನಿಂತಿದ್ದೆ.

ಅದೇ ಹೊತ್ತಿಗೆ ಬೋರ್ಡಿನ ಇನ್ನೊಂದು ತುದಿಯಲ್ಲಿ ಹೊಲಿಗೆ ಟೀಚರ್ ಅಳತೆ ಹೇಳುತ್ತಿದ್ದರು. ಎದೆ 36, ಸೊಂಟ 32, ಉದ್ದ 14, ಬರ್ಕಳಿ, ಬರ್ಕಳಿ. ಎಲ್ಲರ ತಲೆ ಬಗ್ಗುತ್ತಿತ್ತು, ಎಲ್ಲರ ಪೆನ್ನೂ ಓಡುತ್ತಿತ್ತು. ಹಿಂದಿನಿಂದ ಇಣುಕಿ ನೋಡಿದರೆ ಆ ಒಂಬತ್ತು ಜನ ಪುಸ್ತಕದಲ್ಲಿ ಅಲೆ ಅಲೆಯಾಗಿ ಗೀಚುತ್ತಿದ್ದರು. ಪಕ್ಕದವರಿಗೆ ಗೊತ್ತಾಗಬಾರದಲ್ಲ!

ಒಬ್ಬಾಕೆ ಮಾತ್ರ ಗೀಚುತ್ತಲೂ ಇರಲಿಲ್ಲ. ಐವತ್ತರ ಹತ್ತಿರದ ಹೆಂಗಸು, ಅವರ ಮನೆಯವರು ಆಲೆಮನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರಿಂದ ಎಲ್ಲರೂ ಆಲೆಮನೆ ಅಕ್ಕ ಅಂತಲೇ ಕರೆಯುತ್ತಿದ್ದರು. ಅವಳ ಚೀಲದಲ್ಲಿ ದಪ್ಪ ನೂಲಿನ ದಾರಗಳಿದ್ದವು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ದಾರ. ತುದಿಯಿಂದ ಮೊದಲನೇ ಗಂಟಿನವರೆಗೆ ತೋಳಿನ ಉದ್ದ, ಎರಡನೇ ಗಂಟಿನವರೆಗೆ ಕುಪ್ಸದ ಉದ್ದ, ಕೊನೇ ಗಂಟಿನವರೆಗೆ ಎದೆಯ ಸುತ್ತಳತೆ. ಟೇಪಿನ ನಂಬರು ಗೊತ್ತಿಲ್ಲದೆ ಊರಿನ ನಾಲ್ಕಾರು ಮನೆಗೆ ಕೈಹೊಲಿಗೆಯ ಕುಪ್ಸ ಹೊಲಿದುಕೊಟ್ಟಿದ್ದಳು. ಹೊಲಿಗೆ ಟೀಚರ್ ಆ ದಾರವನ್ನು ಟೇಪಿನ ಮೇಲೆ ಹಾಸಿ ನೋಡಿದರು. ಎಲ್ಲೂ ಕಾಲಿಂಚು ಆಚೀಚೆ ಇಲ್ಲ.

"ಮತ್ತೆ ಅಕ್ಷರ ಯಾಕೆ ಬೇಕಕ್ಕಾ ನಿಂಗೆ?" ಅಂತ ತಮಾಷೆಗೆ ಕೇಳಿದೆ.

"ಮೂರು ದಾರ ಆದ್ಮೇಕೆ ಯಾವ್ದು ಯಾರ್ದು ಅಂತ ಗೊತ್ತಾಗಕ್ಕಿಲ್ಲ ಕಣಿ" ಅಂದಳು. ಯುಗಾದಿಗೆ ಮುಂಚೆ ಒಬ್ಬರ ದಾರದಲ್ಲಿ ಇನ್ನೊಬ್ಬರ ಕುಪ್ಸ ಕತ್ತರಿಸಿ, ಬಟ್ಟೆ ಕಾಸನ್ನು ಕೈಯಿಂದ ಕೊಟ್ಟಿದ್ದಳಂತೆ.

ಆ ರಾತ್ರಿ ಮನೆಗೆ ಬಂದು ನನ್ನ ಪಾಠದ ಹಾಳೆಗಳನ್ನು ಎತ್ತಿಟ್ಟೆ. ಅವಳಿಗೆ ಬೇಕಾಗಿದ್ದದ್ದು ಅರಸ, ದಸರ ಅಲ್ಲ, ಗಿರಾಕಿಯ ಹೆಸರು. ಮರುದಿನ ಒಬ್ಬೊಬ್ಬರೂ ಯಾರಿಗೆ ಹೊಲಿಯುತ್ತೀರೋ ಅವರ ಹೆಸರು ಹೇಳಿ ಅಂದೆ. ಅದರಲ್ಲಿ ಒತ್ತಕ್ಷರ, ದೀರ್ಘ, ಎಲ್ಲ ಕಲಸುಮೇಲೋಗರ. ಕೆಂಪಮ್ಮ, ಪುಟ್ಟತಾಯಮ್ಮ, ಸುಶೀಲ. ಒತ್ತಕ್ಷರವನ್ನು ಎಲ್ಲಕ್ಕಿಂತ ಕೊನೆಗೆ ಕಲಿಸಬೇಕು ಅನ್ನುವ ನನ್ನ ಹಳೇ ನಿಯಮ ಮೊದಲ ದಿನವೇ ಮುರಿದುಬಿತ್ತು. ಮಂಡ್ಯ ಸೀಮೆಯ ಅರ್ಧ ಹೆಂಗಸರ ಹೆಸರಿನ ಕೊನೆಗೆ ಮ್ಮ ಇರುತ್ತೆ, ಮಕಾರಕ್ಕೆ ಮಕಾರದ ಒತ್ತು ಕಲಿಸದೆ ಗತಿ ಏನು? ಹೆಸರಿನ ಜೊತೆಗೆ ಐದು ಮಾತು: ಎದೆ, ಸೊಂಟ, ಉದ್ದ, ತೋಳು, ಕೊರಳು. ಹದಿನೈದು ದಿನದಲ್ಲಿ ಆ ಒಂಬತ್ತು ಜನರಲ್ಲಿ ಆರು ಜನ ಈ ಐದನ್ನು ಎಲ್ಲಿ ಕಂಡರೂ ಗುರುತಿಸುತ್ತಿದ್ದರು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಹೊಲಿಗೆ ಟೀಚರ್ ಬೋರ್ಡಿನ ಮೇಲೆ "ಕಂಕ್ಳು 16" ಅಂತ ಬರೆದಿದ್ದರು. ನಾನು ಸುಮ್ಮನಿರಲಾರದೆ, ಎಲ್ಲರ ಎದುರಿಗೆ, ಅದನ್ನು ಒರೆಸಿ "ಕಂಕುಳು" ಅಂತ ತಿದ್ದಿದೆ. ಕೈಯಲ್ಲಿ ಚಾಕ್‌ಪೀಸ್ ಇದ್ದರೆ ಮೇಷ್ಟ್ರಿಗೆ ಕೆರೆತ. ಅವರು ಏನೂ ಅನ್ನಲಿಲ್ಲ. ಎರಡು ದಿನ ನನ್ನ ಜೊತೆ ಮಾತೂ ಆಡಲಿಲ್ಲ, ಬೋರ್ಡಿನ ಕಡೆಗೂ ಬರಲಿಲ್ಲ. ಅವರು ಎಸ್ಸೆಸ್ಸೆಲ್ಸಿ ಫೇಲು, ನಾನು ಅವರನ್ನು ಪರೀಕ್ಷೆ ಮಾಡಲು ಆಫೀಸಿನವರು ಕಳಿಸಿದವಳು ಅಂತಲೇ ಮೊದಲ ದಿನದಿಂದ ಅವರಿಗೆ ಅನುಮಾನ. ನಾನು ಅದನ್ನು ನಿಜ ಮಾಡಿದ್ದೆ.

ಬಾಯಲ್ಲಿ ಕ್ಷಮೆ ಕೇಳಲು ನನಗೆ ಬರಲಿಲ್ಲ. ಮೂರನೇ ದಿನ ಹೋಗಿ ಒಂದು ಮಷಿನ್ನಿನ ಮುಂದೆ ಕೂತೆ. "ನಂಗೂ ಕಲಿಸಿ ಟೀಚರ್" ಅಂದೆ. ಅವರು ಒಂದು ಕ್ಷಣ ನೋಡಿ, ಸೂಜಿಯಿಂದ ದಾರ ಬಿಚ್ಚಿ, ಒಂದು ಗೆರೆ ಹಾಳೆಯನ್ನು ಸೂಜಿಯ ಕೆಳಗೆ ಇಟ್ಟರು. ಹೊಲಿಗೆ ಕಲಿಯುವ ಎಲ್ಲರೂ ಮೊದಲು ಮಾಡುವುದು ಇದೇ. ದಾರವಿಲ್ಲದೆ, ಕಾಗದದ ಗೆರೆಯ ಮೇಲೆ ಸೂಜಿ ಓಡಿಸಬೇಕು. ತೂತಿನ ಸಾಲು ಗೆರೆ ಬಿಟ್ಟು ಹೋಗಬಾರದು. ನಾನು ತುಳಿದೆ. ಗಾಲಿ ಹಿಂದಕ್ಕೆ ತಿರುಗಿತು. ಮತ್ತೆ ತುಳಿದೆ. ಸೂಜಿ ಗೆರೆ ಬಿಟ್ಟು ಹಾಳೆಯ ಅಂಚಿಗೆ ಹೋಗಿ ನಿಂತಿತು. ಹಿಂದೆ ನಗು. ನಕ್ಕವರಲ್ಲಿ ಆಲೆಮನೆ ಅಕ್ಕನದೇ ದೊಡ್ಡ ದನಿ: "ಮೇಡಂ, ಗೆರೆ ಮ್ಯಾಲೆ ಬರೀಬೇಕು ಅಂತ ನಮ್ಗೆ ಯೋಳ್ತಿದ್ರಿ!"

ಹಾಳೆ ಎತ್ತಿ ನೋಡಿದೆ. ಅದು ನಾನೇ ತಂದುಕೊಟ್ಟ ಕಾಪಿ ಪುಸ್ತಕದ ಹಾಳೆ. ನಾನು ಅಕ್ಷರ ಬರೆಸಲು ತಂದ ಗೆರೆಯ ಮೇಲೇ ಅವರು ಸೂಜಿ ಓಡಿಸುತ್ತಿದ್ದರು. ನೇರ ಗೆರೆ ಆದ ಮೇಲೆ ಬಾಗು ಗೆರೆ ಇಲ್ಲದೆ ಆಗದು, ಕೊರಳಿಗೆ ಕಂಕುಳಿಗೆ ಎಲ್ಲ ಬಾಗು ಗೆರೆಯೇ. ಅದಕ್ಕೆ ಟೀಚರ್ ಕಾಗದದ ಮೇಲೆ ಸೊನ್ನೆ, ಸುರುಳಿ ಬರೆದು ಕೊಡುತ್ತಿದ್ದರು. ಆ ಜಾಗದಲ್ಲಿ ದೊಡ್ಡದಾಗಿ ರ ಬರೆದುಕೊಟ್ಟರೆ ಹೇಗೆ ಅಂತ ಕೇಳಿದೆ. ಅವರು ಯೋಚಿಸಿ, "ರ ಸುಲ್ಬ ಆಯ್ತದೆ. ಠ ಕೊಡಿ, ಒಳಗೊಂದು ಚುಕ್ಕೆ ಅದಲ್ಲ, ಅಲ್ಲಿ ನಿಲ್ಸೋದು ಕಲೀಲಿ" ಅಂದರು. ನಮ್ಮ ಲಿಪಿ ಗುಂಡಗಿದೆ ಅಂತ ಶಾಲೆಯಲ್ಲಿ ಎಷ್ಟೋ ಸಲ ಹೇಳಿದ್ದೆ, ಅದರಿಂದ ಉಪಯೋಗ ಕಂಡದ್ದು ಅವತ್ತು. ಆಮೇಲೆ ಆ ಭವನದ ಗೋಡೆ ತುಂಬ ತೂತಿನ ಅಕ್ಷರಗಳು. ಬೆಳಕಿಗೆ ಹಿಡಿದರೆ ಒಂದೊಂದು ಹಾಳೆಯಲ್ಲೂ ಗ, ಠ, ದ, ಬ ಮಿಣಮಿಣ ಅನ್ನುತ್ತಿದ್ದವು. ಬೆರಳಲ್ಲಿ ಸವರಿದರೂ ಗೊತ್ತಾಗುತ್ತಿತ್ತು. "ಕಂಕ್ಳು" ವಿಚಾರವನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಬೋರ್ಡಿನ ಮೇಲೆ ಅವರು ಬರೆದದ್ದು ಅವರು ಬರೆದ ಹಾಗೇ ಇರುತ್ತಿತ್ತು.

ಲೆಕ್ಕದಲ್ಲಿ ನನ್ನ ಜಂಬ ಇನ್ನೂ ಸ್ವಲ್ಪ ಉಳಿದಿತ್ತು. ಬ್ಲೌಸ್ ಕಟಿಂಗಿಗೆ ಎದೆ ಸುತ್ತಳತೆಯ ನಾಲ್ಕನೇ ಒಂದು ಭಾಗ ತೆಗೆದು, ಅದಕ್ಕೆ ಒಂದೂವರೆ ಇಂಚು ಲೂಸು, ಮಾರ್ಜಿನ್ನು ಸೇರಿಸಬೇಕು. 36ಕ್ಕೆ 9, ಒಂದೂವರೆ ಕೂಡಿಸಿದರೆ ಹತ್ತೂವರೆ. ಇದು ಎಲ್ಲರಿಗೂ ಬಂತು. 35 ಬಂದಾಗ ತೊಡಕು. ನಾನು ಬೋರ್ಡಿನ ಮೇಲೆ ಭಾಗಾಕಾರ ಹಾಕಿದೆ. ನಾಲ್ಕೆಂಟ್ಲಿ 32, ಉಳಿದದ್ದು 3, ಆ ಮೂರನ್ನು ನಾಲ್ಕರಿಂದ ಭಾಗಿಸಿದರೆ ಅಂತ ಶುರು ಮಾಡಿದೆ. ಹತ್ತನೇ ಕ್ಲಾಸು ಓದಿದ ಹುಡುಗಿಯೂ ತಲೆ ಕೆರೆದುಕೊಂಡಳು. ಹಿಂದಿನ ಸಾಲಿನ ಅಕ್ಷರ ಬಾರದ ಒಬ್ಬಾಕೆ ಟೇಪನ್ನು 35ಕ್ಕೆ ಹಿಡಿದು ಮಡಿಚಿ, ಮಡಿಚಿದ್ದನ್ನು ಇನ್ನೊಂದು ಸಲ ಮಡಿಚಿ, ಮಡಿಕೆ ಬಂದ ಜಾಗ ತೋರಿಸಿ "ಎಂಟೂ ಮುಕ್ಕಾಲು" ಅಂದಳು. ನಾನು ಇನ್ನೂ ಶೇಷದಲ್ಲೇ ಇದ್ದೆ.

ಕಾಲು, ಅರ್ಧ, ಮುಕ್ಕಾಲು ಅವರ ನಾಲಿಗೆಯ ಮೇಲೇ ಇತ್ತು. ಸೊಪ್ಪು, ಹಾಲು, ಬೆಲ್ಲ ಎಲ್ಲದರಲ್ಲೂ ದಿನಾ ಆಡುವ ಮಾತು. ಟೇಪಿನಲ್ಲಿ ಇಂಚಿನ ಒಳಗೆ ಎಂಟು ಮನೆ. ಕಾಲಿನ ಅರ್ಧಕ್ಕೆ ಏನಂತೀರಿ ಅಂದರೆ ಒಬ್ಬಳು ಅರೆಕಾಲು ಅಂದಳು, ಬಡಗಿ ಮನೆಯವಳು ನಮ್ಮನೇಲಿ ಅದನ್ನ ಒಂದು ನೂಲು ಅಂತಾರೆ ಅಂದಳು. ವೀಸ ಅಂದರೆ ಹದಿನಾರನೇ ಒಂದು ಭಾಗ ಅಂತ ನಾನೂ ನನ್ನ ಬುತ್ತಿಯಿಂದ ಒಂದು ತುತ್ತು ಬಡಿಸಿದೆ. ಹೀಗೆ ಬಾಯಲ್ಲಿ ಇದ್ದ ಭಿನ್ನರಾಶಿಗೆ ಬರಹ ಹಚ್ಚುವುದಷ್ಟೇ ನನ್ನ ಕೆಲಸವಾಗಿತ್ತು. ಆ ಒಂದು ಕೆಲಸದಲ್ಲೇ ಎಡವಿದೆ.

ಹತ್ತೂವರೆಯನ್ನು 10 1/2 ಅಂತ ಅಡ್ಡಗೆರೆ ಎಳೆದು ಬರೆಯಲು ಕಲಿಸಿದ್ದೆ. ಮಗಳು ಕೊಡಿಸಿದ ಸೀರೆಯ ಬ್ಲೌಸ್ ಪೀಸನ್ನು ಧೈರ್ಯವಾಗಿ ಒಬ್ಬಳ ಕೈಗೆ ಕೊಟ್ಟೆ, ನನ್ನ ಅಳತೆ ಅವಳೇ ತೆಗೆದಳು, ಅವಳೇ ಬರೆದುಕೊಂಡಳು. ಗೆರೆ ಎಳೆಯುವುದು ಮರೆತಿದ್ದಳು. ಪುಸ್ತಕದಲ್ಲಿ ಇದ್ದದ್ದು 10 12. ಮರುದಿನ ನೋಡಿದಾಗ ಹತ್ತೋ ಹನ್ನೆರಡೋ ಅಂತ ಅವಳಿಗೆ ಅನುಮಾನ, ಬಿಗಿ ಆಗೋದಕ್ಕಿಂತ ಸಡಿಲ ಆಗಲಿ ಅಂತ ಹನ್ನೆರಡಕ್ಕೇ ಕತ್ತರಿಸಿದ್ದಾಳೆ. ಅಗಲ ಆದರೆ ಒಳಗೆ ಹಿಡಿಯಬಹುದು, ಆದರೆ ಇದ್ದದ್ದೇ 80 ಸೆಂಟಿಮೀಟರ್ ಬಟ್ಟೆ. ಬೆನ್ನು, ಮುಂಭಾಗ ಆಗುವಷ್ಟರಲ್ಲಿ ತೋಳಿಗೆ ಬಟ್ಟೆ ಮುಗಿದಿತ್ತು. ಅವಳು ಅಳುಮುಖ ಮಾಡಿಕೊಂಡು ನಿಂತಿದ್ದಳು. ಬಯ್ಯಲು ನನಗೆ ಯಾವ ಮುಖ? ಬೇರೆ ಬಣ್ಣದ ಬಟ್ಟೆಯಲ್ಲಿ ತೋಳು ಇಟ್ಟುಕೊಟ್ಟಳು. ಮದುವೆ ಮನೆಯಲ್ಲಿ ಇಬ್ಬರು ಇದು ಹೊಸ ಫ್ಯಾಶನ್ನಾ ಅಂತ ಕೇಳಿದರು, ಹೌದು ಅಂದೆ. ಅಲ್ಲಿಂದಾಚೆ ನಮ್ಮ ಕ್ಲಾಸಿನಲ್ಲಿ ಅರ್ಧ ಅಂದರೆ ಅಂಕಿಯ ಪಕ್ಕ ಚಿಕ್ಕದಾಗಿ "ಅ", ಕಾಲಿಗೆ "ಕಾ", ಮುಕ್ಕಾಲಿಗೆ "ಮು". ಗಣಿತದವರು ಒಪ್ಪಲಿಕ್ಕಿಲ್ಲ. ಬಟ್ಟೆ ಉಳಿಯಿತು.

ಈ ಹೊತ್ತಿಗೆ ಸಂಸ್ಥೆಯಿಂದ ಒಬ್ಬರು ನೋಡಲು ಬಂದರು. ಒಂದೇ ಕೋಣೆಯಲ್ಲಿ ಒಂದೇ ಹೊತ್ತಿಗೆ ಇಬ್ಬರು ಟೀಚರು ನಿಂತಿರುವುದು ಅವರಿಗೆ ಸರಿಬರಲಿಲ್ಲ. "ಮೇಡಂ, ಒಂದು ಕ್ಲಾಸಿಗೆ ಎರಡು ಗೌರವಧನ ಅಂದರೆ ಆಡಿಟ್‌ನಲ್ಲಿ ಕೇಳ್ತಾರೆ" ಅಂದರು. ಪಾಪ, ಅವರದೂ ತಪ್ಪಿಲ್ಲ. ಅವರ ಹತ್ತಿರ ಇದ್ದ ನಮೂನೆಯಲ್ಲೇ ಸಾಕ್ಷರತೆಗೆ ಬೇರೆ ಗಂಟೆ, ಕೌಶಲಕ್ಕೆ ಬೇರೆ ಗಂಟೆ. ಕಡೆಗೆ ರಿಜಿಸ್ಟರಿನಲ್ಲಿ ಹಳೇ ವೇಳಾಪಟ್ಟಿ, ಕೋಣೆಯಲ್ಲಿ ನಮ್ಮ ವೇಳಾಪಟ್ಟಿ ಅಂತ ಒಳಒಪ್ಪಂದವಾಯಿತು.

ಆಮೇಲೆ ಈ ವಿಷಯ ಹುಡುಕಿ ಓದಿದಾಗ ಗೊತ್ತಾಯಿತು, ನಾವೇನೂ ಹೊಸದು ಕಂಡುಹಿಡಿದಿರಲಿಲ್ಲ. 1967ರಲ್ಲೇ ಮುಂಬೈಯಲ್ಲಿ ಕಾರ್ಮಿಕರಿಗೆ ಓದು, ಕಸುಬು ಎರಡನ್ನೂ ಸೇರಿಸಿ ಕಲಿಸಲು ಶ್ರಮಿಕ ವಿದ್ಯಾಪೀಠ ಶುರುವಾಗಿತ್ತು. ಅದೇ ಮುಂದೆ ಜನ ಶಿಕ್ಷಣ ಸಂಸ್ಥಾನ ಆಯಿತು. 1978ರ ಅಕ್ಟೋಬರ್ 2ರಂದು ಶುರುವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮದಲ್ಲೂ ಅಕ್ಷರ, ಕಸುಬಿನ ಕುಶಲತೆ, ತಿಳಿವಳಿಕೆ ಈ ಮೂರೂ ಒಟ್ಟಿಗೆ ಇರಬೇಕು ಅಂತಲೇ ಇತ್ತು. 2018ರಲ್ಲಿ ಜನ ಶಿಕ್ಷಣ ಸಂಸ್ಥಾನಗಳು ಶಿಕ್ಷಣದ ಖಾತೆಯಿಂದ ಕೌಶಲಾಭಿವೃದ್ಧಿ ಖಾತೆಗೆ ಹೋದವು, ಸಾಕ್ಷರತೆ ಶಿಕ್ಷಣದ ಕಡೆ ಉಳಿಯಿತು. ದೆಹಲಿಯಲ್ಲಿ ಎರಡು ಕಟ್ಟಡವಾದರೆ ಹಳ್ಳಿಯ ಒಂದು ಕೋಣೆಯಲ್ಲಿ ಎರಡು ರಿಜಿಸ್ಟರ್ ಆಗುತ್ತೆ ಅನ್ನುವುದು ನನ್ನ ಅನುಭವ.

ಗೌರವಧನದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇನ್ನೂ ದೂರದಲ್ಲಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಮುದಾಯ ಕಾಲೇಜುಗಳಲ್ಲಿ 2004ರಿಂದ ಐ-ಬೆಸ್ಟ್ ಅಂತ ಒಂದು ಪದ್ಧತಿ ನಡೆಯುತ್ತಿದೆ. ನರ್ಸಿಂಗ್ ಸಹಾಯಕರು, ವೆಲ್ಡಿಂಗ್ ಹೀಗೆ ಕಸುಬು ಕಲಿಯುವ ವಯಸ್ಕರಿಗೆ ಕಸುಬಿನ ಶಿಕ್ಷಕರೊಬ್ಬರು, ಭಾಷೆ ಮತ್ತು ಲೆಕ್ಕದ ಶಿಕ್ಷಕರೊಬ್ಬರು. ಕಡೇಪಕ್ಷ ಅರ್ಧ ಹೊತ್ತಾದರೂ ಇಬ್ಬರೂ ಒಂದೇ ಕ್ಲಾಸಿನಲ್ಲಿ ಇರಲೇಬೇಕು. ಇಬ್ಬರ ಖರ್ಚು ತೂಗಲಿ ಅಂತ ಅಲ್ಲಿನ ಸರ್ಕಾರ ಅಂಥ ಒಬ್ಬ ವಿದ್ಯಾರ್ಥಿಯನ್ನು ಕಾಲೇಜಿನ ಅನುದಾನದ ಲೆಕ್ಕದಲ್ಲಿ ಒಂದೂಮುಕ್ಕಾಲು ವಿದ್ಯಾರ್ಥಿ ಅಂತ ಹಿಡಿಯುತ್ತೆ. ಒಂದೂಮುಕ್ಕಾಲು! ಇದನ್ನು ಹೊಲಿಗೆ ಟೀಚರಿಗೆ ಹೇಳಿದಾಗ "ಮಾರ್ಜಿನ್ನು ಬುಟ್ಟವ್ರೆ ಅನ್ನಿ" ಅಂದರು.

ಸಂಕ್ರಾಂತಿ ಕಳೆದ ಮೇಲೆ ನಾಲ್ಕು ಜನ ಗಾರ್ಮೆಂಟ್ಸಿಗೆ ಸೇರಲು ಹೊರಟರು. ತರಬೇತಿ ಮುಗಿಯಲಿ ಅಂದರೆ ಕೇಳಲಿಲ್ಲ, ಬಸ್ಸು ಊರಿಗೇ ಬರುತ್ತೆ, ತಿಂಗಳ ಸಂಬಳ. ಸರಿ, ಹೋಗುವುದಾದರೆ ಸಂಬಳದ ಚೀಟಿ ಓದಲು ಕಲಿತು ಹೋಗಿ ಅಂದೆ. ಆಲೆಮನೆ ಅಕ್ಕನ ನಾದಿನಿ ಹಿಂದೆ ಬೆಂಗಳೂರಿನ ಬೊಮ್ಮನಹಳ್ಳಿಯಲ್ಲಿ ಫ್ಯಾಕ್ಟರಿ ಕೆಲಸ ಮಾಡಿದ್ದವಳು. ಅವಳು ಜೋಪಾನ ಮಾಡಿದ್ದ ಹಳೇ ಚೀಟಿಗಳನ್ನೇ ತಂದುಕೊಟ್ಟಳು, ಅದೇ ನಮ್ಮ ಪಠ್ಯಪುಸ್ತಕ. ಪಿ.ಎಫ್. ನೂರಕ್ಕೆ 12 ಅಂದರೆ ಸಾವಿರಕ್ಕೆ ಎಷ್ಟು, ಅದು ಕಳೆದುಹೋದ ದುಡ್ಡೋ ಕೂಡಿಟ್ಟ ದುಡ್ಡೋ, ಫ್ಯಾಕ್ಟರಿಯವರ ಪಾಲು ಯಾವ ಕಾಲಂನಲ್ಲಿ. ಕಾರ್ಮಿಕರ ಆರೋಗ್ಯ ವಿಮೆ ಇ.ಎಸ್.ಐ.ಗೆ ಮುಕ್ಕಾಲು ಪರ್ಸೆಂಟ್ ಅಂದಾಗ ಎಲ್ಲರೂ ಟೇಪಿನ ಮುಕ್ಕಾಲನ್ನೇ ನೆನೆಸಿಕೊಂಡರು. ನೂರು ರೂಪಾಯಿಗೆ ಮುಕ್ಕಾಲು ರೂಪಾಯಿ ಅನ್ನುವುದು ತಲೆಗೆ ಹೋಗಲು ಎರಡು ದಿನ ಹಿಡಿಯಿತು.

ಆ ನಾದಿನಿ 2016ರ ಏಪ್ರಿಲ್‌ನಲ್ಲಿ ಬೀದಿಗೆ ಇಳಿದವಳು. ಪಿ.ಎಫ್.ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿದ್ದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು 18, 19ನೇ ತಾರೀಖು ರಸ್ತೆ ತುಂಬಿ ನಿಂತರು, 19ಕ್ಕೇ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. "ಏನ್ ಕಾಗ್ಜ ಬಂದದೆ ಅಂತ ನಂಗೊತ್ತಿಲ್ಲ ಮೇಡಂ. ನಮ್ ದುಡ್ಡು ಇಡ್ಕೊತಾರೆ ಅಂದ್ರು, ಬಂದ್ಬುಟ್ಟೆ" ಅಂದಳು. ಚೀಟಿಯ ಆ ಕಾಲಂ ಯಾವುದು ಅಂತ ಎಂಟು ವರ್ಷದ ಮೇಲೆ ನಮ್ಮ ಜೊತೆ ಕೂತು ಬೆರಳಿಟ್ಟು ನೋಡಿದಳು.

ಪರೀಕ್ಷೆಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ವಯಸ್ಕರ ಸಾಕ್ಷರತೆಗೆ ಕೇಂದ್ರ ಸರ್ಕಾರ ನಡೆಸುವ ಉಲ್ಲಾಸ್ ಕಾರ್ಯಕ್ರಮದ ಪರೀಕ್ಷೆ ಓದು 50, ಬರಹ 50, ಲೆಕ್ಕ 50, ಒಟ್ಟು 150 ಅಂಕ. ಹೊಲಿಗೆಯದು ಬೇರೆ ದಿನ, ಬೇರೆ ಜನ, ಬೇರೆ ಹಾಳೆ. ಒಂಬತ್ತರಲ್ಲಿ ಇಬ್ಬರು ಕಬ್ಬು ಕಡಿಯುವ ಸೀಸನ್ನಿನಲ್ಲಿ ಬಿಟ್ಟುಹೋಗಿದ್ದರು. ಏಳು ಜನ ಕೂತರು, ಐವರು ಪಾಸಾದರು. ಪಾಸಾಗದ ಇಬ್ಬರಲ್ಲಿ ಟೇಪು ಮಡಿಚಿ ಎಂಟೂಮುಕ್ಕಾಲು ತೋರಿಸಿದವಳೂ ಒಬ್ಬಳು. ಲೆಕ್ಕದಲ್ಲೇ ಹೋಯಿತು. ಅವಳ ಕೈಗೆ ಟೇಪು ಕೊಟ್ಟು ಕೇಳಿದ್ದರೆ ಅಂತ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಉರಿ.

ಆಲೆಮನೆ ಅಕ್ಕ ಪಾಸಾದಳು. ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳಿಗೂ ಜಾಗ ಇದೆ, ಸಲಕರಣೆಗೆ 15,000 ರೂಪಾಯಿ ಸಿಗುತ್ತೆ ಅಂತ ಕ್ಲಾಸಿನಲ್ಲಿ ಓದಿದ್ದೆವು, ಪಂಚಾಯ್ತಿಗೆ ಅಲೆದು ಅರ್ಜಿ ಹಾಕಿದ್ದಾಳೆ. ಅದು ಬರುವವರೆಗೆ ಕಾಯದೆ ಸಾಲ ಮಾಡಿ ಹಳೇ ಮಷಿನ್ನೊಂದನ್ನು ತಂದು ಜಗಲಿಯಲ್ಲಿ ಹಾಕಿಕೊಂಡಿದ್ದಾಳೆ.

ಹೋದ ತಿಂಗಳು ಒಂದು ಬ್ಲೌಸ್ ಪೀಸ್ ಹಿಡಿದುಕೊಂಡು ಅವಳ ಮನೆಗೆ ಹೋಗಿದ್ದೆ. ಅಳತೆ ಪುಸ್ತಕ ತೆಗೆದಳು. ಒಂದೊಂದು ಪುಟದ ಮೇಲೂ ಒಂದೊಂದು ಹೆಸರು, ಕೆಳಗೆ ಎದೆ, ಸೊಂಟ, ಉದ್ದ, ತೋಳು, ಕೊರಳು, ಅಂಕಿಯ ಪಕ್ಕ ಅ, ಕಾ, ಮು. ಪುಟದ ಅಂಚಿಗೆ ಗುಂಡುಸೂಜಿಯಲ್ಲಿ ಚುಚ್ಚಿದ ಒಂದು ದಾರ, ದಾರದಲ್ಲಿ ಮೂರು ಗಂಟು.

"ಬರ್ಕೊಂಡ ಮೇಲೆ ದಾರ ಯಾಕಕ್ಕಾ?"

"ಬರಿಯೋದ್ರಲ್ಲಿ ಗೆರೆ ಮರ್ತೋಯ್ತದಲ್ಲ ಮೇಡಂ" ಅಂದಳು, ನನ್ನ ತೋಳಿನ ಬಣ್ಣ ನೋಡುತ್ತಾ. ನಾನು ಅವತ್ತು ಉಟ್ಟಿದ್ದದ್ದು ಅದೇ ಸೀರೆ. ಹೊಸ ಪುಟ ತಿರುಗಿಸಿ ನನ್ನ ಹೆಸರು ಬರೆದಳು, ಒತ್ತಕ್ಷರಕ್ಕೆ ಸ್ವಲ್ಪ ನಿಧಾನಿಸಿ. ಆಮೇಲೆ ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ದಾರ ಹಿಡಿದುಕೊಂಡು "ತೋಳು ಎತ್ತಿ" ಅಂದಳು.